ಮುರುಗಲು: ಸಿಪ್ಪೆ ಒಣಗಿಸುವ, ಬೀಜದಿಂದ ತುಪ್ಪ ತೆಗೆಯುವ ಕ್ರಮ

ಪಶ್ಚಿಮ ಘಟ್ಟದ ಕಾಡುಮರವಾದ ಮುರುಗಲಿಗೆ ತುಳುನಾಡಿನಲ್ಲಿ ಪುನರ್ಪುಳಿ ಎಂದೂ ಕೊಂಕಣದಲ್ಲಿ ಕೋಕಂ ಎಂದೂ ಹೆಸರು. ಗೋವಾದಲ್ಲಿ ನೆಲೆಸಿದ್ದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟ 1563ರಲ್ಲಿಯೇ ಈ ಹಣ್ಣಿನ ಕುರಿತು ಬರೆದು, ಬಣ್ಣ ಹಾಕುವವರು ಇದನ್ನು ಬಳಸುತ್ತಾರೆಂದೂ ಸಿಪ್ಪೆಯಿಂದ ವಿನೆಗರ್ ಮಾಡುತ್ತಾರೆಂದೂ ದಾಖಲಿಸಿದ್ದಾನೆ. ಆದರೆ ಕರಾವಳಿ ಮತ್ತು ಮಲೆನಾಡಿನ ಮನೆಗಳಿಗೆ ಸಿಪ್ಪೆಯಷ್ಟೇ ಬೀಜವೂ ಬೇಕಾದದ್ದಾಗಿತ್ತು. ಸಿಪ್ಪೆಯನ್ನು ಬಿಡಿಸಿಕೊಂಡು ಬೀಜವನ್ನು ಗೊಬ್ಬರದ ಗುಂಡಿಗೆ ಸುರಿಯುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಏಕೆಂದರೆ ಒಣಗಿದ ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಜಿಡ್ಡೇ ಇರುತ್ತದೆ.

ಹಣ್ಣು ಏಪ್ರಿಲ್, ಮೇ ತಿಂಗಳಲ್ಲಿ ಮಾಗುವುದರಿಂದ, ಮಳೆ ಹಿಡಿಯುವ ಮೊದಲೇ ಬಿಸಿಲಿನ ಕೆಲಸವೆಲ್ಲ ಮುಗಿಯಬೇಕು. ಕಡುಗೆಂಪಾಗಿ ಮಾಗಿದ ಹಣ್ಣನ್ನು ಮಾತ್ರ ಆರಿಸಿ, ತೊಳೆದು, ನೀರಾರಿಸಿ, ಎರಡು ಹೋಳು ಮಾಡಿರಿ. ಒಳಗಿನ ಬೀಜವನ್ನೂ ತಿರುಳನ್ನೂ ಬೇರೆ ಪಾತ್ರೆಗೆ ಹಾಕಿ, ಸ್ವಲ್ಪ ಉಪ್ಪು ಸೇರಿಸಿದರೆ ರಸ ಬಿಟ್ಟುಕೊಳ್ಳುತ್ತದೆ. ಹುಳಿ ಹೆಚ್ಚಿರುವ ಕಾರಣ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಬಳಸಲೇಬಾರದು. ಭರಣಿ ಅಥವಾ ಗಾಜು ಉತ್ತಮ. ಸಿಪ್ಪೆಯನ್ನು ಒಂದು ದಿನ ಬಿಸಿಲಿಗೆ ಹರಡಿ, ಸಂಜೆ ಆ ರಸದಲ್ಲಿ ಅದ್ದಿಟ್ಟು, ಮರುದಿನ ಮತ್ತೆ ಒಣಗಿಸಬೇಕು. ಹೀಗೆ ನಾಲ್ಕೈದು ಸಲ ಮಾಡಿದಾಗ ಸಿಪ್ಪೆ ಕಪ್ಪು ನೇರಳೆ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಚರ್ಮದಂತೆ ಬಾಗುತ್ತದೆಯೇ ಹೊರತು ರಸ ಅಂಟುವುದಿಲ್ಲ. ಸಾರಿಗೂ ತಂಬುಳಿಗೂ ಮಳೆಗಾಲವಿಡೀ ಒದಗುವುದು ಈ ಸಿಪ್ಪೆಯೇ.

ತುಪ್ಪದ ಕೆಲಸಕ್ಕೆ ತಾಳ್ಮೆ ಬೇಕು. ರಸ ಬಸಿದ ಬೀಜವನ್ನು ತಿರುಳಿನ ಅಂಟು ಹೋಗುವಂತೆ ಉಜ್ಜಿ ತೊಳೆದು, ಅಲ್ಲಾಡಿಸಿದರೆ ಗಲಗಲ ಸದ್ದು ಬರುವವರೆಗೆ ಒಣಗಿಸಿ, ಮೇಲಿನ ಹೊಟ್ಟು ತೆಗೆದು ಒರಳಲ್ಲಿ ನುಣ್ಣಗೆ ಕುಟ್ಟಿರಿ. ಈ ಹುಡಿಯನ್ನು ಧಾರಾಳ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕುದಿಸುತ್ತಿದ್ದರೆ ಜಿಡ್ಡು ಬಿಟ್ಟುಕೊಂಡು ಮೇಲೆ ತೇಲುತ್ತದೆ. ಕದಡದೆ ಇಡೀ ರಾತ್ರಿ ತಣಿಯಲು ಬಿಟ್ಟರೆ ಬೆಳಿಗ್ಗೆ ಪಾತ್ರೆಯ ಮೇಲೆ ಗಟ್ಟಿ ಹೆಪ್ಪು ಕಟ್ಟಿರುತ್ತದೆ. ಅದನ್ನು ಎತ್ತಿ ಮತ್ತೆ ಕರಗಿಸಿ, ಚಟಪಟ ಸದ್ದು ನಿಲ್ಲುವವರೆಗೆ ನೀರಿನಂಶ ಆರಿಸಿ, ತೆಳುಬಟ್ಟೆಯಲ್ಲಿ ಸೋಸಿರಿ. ಹಿಂದಿನವರು ಇದನ್ನು ಉಂಡೆ ಕಟ್ಟಿ ಇಡುತ್ತಿದ್ದರು. ಉಂಡೆಯ ಚೂರೊಂದನ್ನು ಹಿಮ್ಮಡಿಯ ಬಿರುಕಿಗೆ ತಿಕ್ಕಿದರೆ ಮೈಯ ಬಿಸಿಗೆ ಮೆತ್ತಗಾಗಿ ಒಳಗಿಳಿಯುತ್ತದೆ. ಒಡೆದ ತುಟಿಗೂ ಇದೇ ಮನೆಮದ್ದು.

ಸಸಿ ಮಾಡುವ ಆಸೆಯಿದ್ದವರು ಒಂದಿಷ್ಟು ಬೀಜವನ್ನು ಬಿಸಿಲಿಗೆ ಹಾಕುವ ಮೊದಲೇ ತೆಗೆದಿಟ್ಟು ಹಸಿಯಾಗಿರುವಾಗಲೇ ಬಿತ್ತಬೇಕು, ಒಣಗಿದ ಬೀಜ ಮೊಳೆಯುವುದಿಲ್ಲ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆಯಿದ್ದು, ಸಸಿಯ ಹಂತದಲ್ಲಿ ಗುರುತು ಸಿಗುವುದಿಲ್ಲವಾದ್ದರಿಂದ ಒಂದೆರಡಕ್ಕೇ ನಿಲ್ಲಿಸದೆ ಹತ್ತಾರು ಸಸಿ ನೆಡುವುದು ಮೇಲು.