ಹೊಸ ಮಾನ್‌ಸ್ಟರ್ ಪುಸ್ತಕವನ್ನು ಆಟಕ್ಕೆ ಇಳಿಸುವುದು ಹೇಗೆ?

ಕೋಲಾರ, ಬಂಗಾರಪೇಟೆ ಕಡೆ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ (ಒಬ್ಬರು ಕಥೆ ನಡೆಸಿ, ಉಳಿದವರು ಪಾತ್ರಗಳಾಗಿ ಡೈಸ್ ಉರುಳಿಸಿ ಆಡುವ ಆಟ) ಆಡುವ ಗುಂಪುಗಳಲ್ಲಿ ಒಂದೇ ಎಡವಟ್ಟನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಎದುರಾಳಿ ಮಾನ್‌ಸ್ಟರ್‌ಗಳ ವಿವರ ಇರುವ ಮೂಲ ಪುಸ್ತಕ ಸಾಲದು ಅಂತ ಇನ್ನೊಂದು ಮಾನ್‌ಸ್ಟರ್ ಪುಸ್ತಕ ತರುತ್ತಾರೆ, ಚಿತ್ರ ಚೆನ್ನಾಗಿದೆ ಅಂತ ಒಂದನ್ನು ಆರಿಸುತ್ತಾರೆ, ಪಕ್ಕದಲ್ಲಿರುವ ಚಾಲೆಂಜ್ ರೇಟಿಂಗ್ (ಅದು ಎಷ್ಟು ಕಠಿಣ ಅನ್ನುವ ನಂಬರ್) ಮಾತ್ರ ನೋಡಿ ಆಟಕ್ಕೆ ಬಿಡುತ್ತಾರೆ. ಅರ್ಧ ಗಂಟೆಯಲ್ಲಿ ಇಡೀ ಪಾರ್ಟಿ, ಅಂದರೆ ಆಟಗಾರರ ಪಾತ್ರಗಳ ತಂಡ, ಮಣ್ಣುಪಾಲು.

ಮೊದಲು ಪುಸ್ತಕ ಆಟದ ಯಾವ ಎಡಿಷನ್‌ನ ನಿಯಮಕ್ಕೆ ಬರೆದದ್ದು ಅಂತ ನೋಡಿ. ಮೂರನೇ ಎಡಿಷನ್ ಪುಸ್ತಕದ ನಂಬರ್‌ಗಳನ್ನು ಐದನೇ ಎಡಿಷನ್‌ಗೆ ಹಾಗೇ ತರಬೇಡಿ.

ಈಗ ಸ್ಟ್ಯಾಟ್ ಬ್ಲಾಕ್ (ಮಾನ್‌ಸ್ಟರ್‌ನ ನಂಬರ್, ಶಕ್ತಿಗಳ ಪಟ್ಟಿ) ಓದಬೇಕು. ಎಲ್ಲರೂ ಜಾರಿ ಬೀಳುವುದು ಇಲ್ಲೇ. ಐದನೇ ಎಡಿಷನ್‌ನ 2014ರ ನಿಯಮದಲ್ಲಿ ರೇಟಿಂಗ್ 3 ಅಂದರೆ, ಚೆನ್ನಾಗಿ ವಿಶ್ರಾಂತಿ ಪಡೆದ ಮೂರನೇ ಲೆವೆಲ್‌ನ ನಾಲ್ಕು ಜನ ಯಾರೂ ಸಾಯದೆ ಆ ಒಂದನ್ನು ಸೋಲಿಸಬಹುದು ಅಂತ. ಅಷ್ಟೇ. ಅದೇ 2014ರ ಮೂಲ ಪುಸ್ತಕದ ಶ್ಯಾಡೋ ಅನ್ನುವ ನೆರಳಿನ ಮಾನ್‌ಸ್ಟರನ್ನೇ ತಗೊಳ್ಳಿ. ರೇಟಿಂಗ್ ಬರೀ ಅರ್ಧ, 100 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ). ಮೂರು ಶ್ಯಾಡೋ ಬಂದರೆ 300, ಗುಂಪಾಗಿ ಬಂದದ್ದಕ್ಕೆ ಎರಡರಿಂದ ಗುಣಿಸಿದರೆ 600. ಮೂರನೇ ಲೆವೆಲ್‌ನ ನಾಲ್ವರಿಗೆ ಇದು ಮಧ್ಯಮ ಮಟ್ಟದ ಜಗಳ ಅನ್ನುತ್ತದೆ ಲೆಕ್ಕ. ಆದರೆ ಅದರ ಒಂದೊಂದು ಏಟಿಗೂ 1ರಿಂದ 4 ಸ್ಟ್ರೆಂತ್ (ಪಾತ್ರದ ದೇಹಬಲದ ಅಂಕ) ಹೋಗುತ್ತದೆ, ಸೊನ್ನೆಯಾದರೆ ನೇರ ಸಾವು. ಸ್ಟ್ರೆಂತ್ 8 ಇರುವ ವಿಝರ್ಡ್‌ಗೆ ಡೈಸ್ ಕೆಟ್ಟು ಎರಡು ಏಟು ಬಿದ್ದರೆ ಮುಗಿಯಿತು, ಎಚ್‌ಪಿ (ಜೀವದ ಅಂಕ) ಇನ್ನೂ ಉಳಿದಿದ್ದರೂ! ಮೇಲಾಗಿ ಮಂತ್ರವಿಲ್ಲದ ಕತ್ತಿಯ ಏಟು ಅದಕ್ಕೆ ಅರ್ಧದಷ್ಟೇ ತಾಗುತ್ತದೆ.

ಹೆಚ್ಚುವರಿ ಪುಸ್ತಕಗಳಲ್ಲಿ ಇಂಥ ವಿಚಿತ್ರ ಶಕ್ತಿಗಳು ತುಂಬಾ ಇರುತ್ತವೆ. ಅದಕ್ಕೇ ನಿಮ್ಮ ಪಾರ್ಟಿಯಲ್ಲಿ ಎಲ್ಲರಿಗಿಂತ ವೀಕ್ ಇರುವ ಪಾತ್ರದ ಶೀಟ್ ಪಕ್ಕದಲ್ಲಿಟ್ಟುಕೊಂಡು ಓದಿ: ಒಂದು ರೌಂಡ್‌ನಲ್ಲಿ ಇದು ಎಷ್ಟು ಹೊಡೆಯುತ್ತದೆ, ಎಚ್‌ಪಿ ಬಿಟ್ಟು ಬೇರೇನನ್ನು ಕಿತ್ತುಕೊಳ್ಳುತ್ತದೆ, ಪ್ಯಾರಲೈಸ್ ಮಾಡುತ್ತದಾ, ಇದನ್ನು ಹೊಡೆಯೋಕೆ ನಮ್ಮವರ ಹತ್ತಿರ ಏನಿದೆ. ಎನ್‌ಕೌಂಟರ್ (ಆಟದ ಒಂದು ಜಗಳ) ಲೆಕ್ಕ ಮಾಡಿಕೊಡುವ ಆ್ಯಪ್‌ಗಳು ಇದ್ಯಾವುದನ್ನೂ ನೋಡುವುದಿಲ್ಲ, ಸುಮ್ನೆ ಎಕ್ಸ್‌ಪಿ ಕೂಡಿಸುತ್ತವೆ. ಸಾವಿರ ಮಾನ್‌ಸ್ಟರ್ ಅಂತ ಅಗ್ಗಕ್ಕೆ ಮಾರುವ ಪಿಡಿಎಫ್‌ಗಳನ್ನಂತೂ ಕೊಳ್ಳಲೇಬೇಡಿ, ಅರ್ಧಕ್ಕರ್ಧ ಹೆಸರು ಬದಲಿಸಿದ ಮಾಮೂಲಿ ಗಾಬ್ಲಿನ್‌ಗಳೇ. ಅದರ ಬದಲು 2023ರಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಫ್ರೀಯಾಗಿ ಸಿಗುವ ಎಸ್‌ಆರ್‌ಡಿ 5.1 (ಐದನೇ ಎಡಿಷನ್‌ನ ಮೂಲ ನಿಯಮ, ಮಾನ್‌ಸ್ಟರ್‌ಗಳ ದಾಖಲೆ) ಇಳಿಸಿಕೊಳ್ಳಿ, ಹೋಲಿಸಿ ನೋಡೋಕೆ ಅದೇ ಸಾಕು.

ಆಮೇಲೆ ಕಾಗದದ ಮೇಲೆ ನೀವೊಬ್ಬರೇ ಮೂರು ರೌಂಡ್ ಆಡಿ ನೋಡಿ.

ಜಾಗ ನಮ್ಮದೇ ಇರಲಿ. ನಂಬರ್ ಮುಟ್ಟಬೇಡಿ, ರೂಪ ಬದಲಿಸಿ. ಹಿಮದ ಗುಹೆಯ ಪ್ರಾಣಿಯನ್ನು ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳ ಸಂದಿಗೆ ತನ್ನಿ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯಲ್ಲಿ ಚಾಂಪಿಯನ್ ರೀಫ್ ಮೂರು ಕಿಲೋಮೀಟರ್‌ಗಿಂತ ಆಳ ಇದೆ, ಅದಕ್ಕಿಂತ ಒಳ್ಳೆ ಡಂಜನ್ (ಮಾನ್‌ಸ್ಟರ್ ಅಡಗಿರುವ ನೆಲದಡಿಯ ಜಾಗ) ಬೇಕಾ? ಮೇಲೆ ಗಣಿ ತ್ಯಾಜ್ಯದ ಸೈನೈಡ್ ದಿಬ್ಬ, ಕೆಳಗೆ ಕತ್ತಲ ಸುರಂಗ ಅಂದರೆ ಸಾಕು, ನಮ್ಮ ಕಡೆಯ ಆಟಗಾರರಿಗೆ ಮ್ಯಾಪ್ ತೋರಿಸುವುದೇ ಬೇಡ.

ಒಂದು ಸಂಜೆಗೆ ಒಂದೇ ಹೊಸ ಮಾನ್‌ಸ್ಟರ್. ಜಗಳಕ್ಕೆ ಮುಂಚೆ ಅದರ ಸುಳಿವೂ ಕೊಡಿ: ಗಾಯವೇ ಇಲ್ಲದೆ ಸತ್ತು ಬಿದ್ದ ಕುರಿ, ಕಬ್ಬಿಣದ ಕತ್ತಿ ಏನೂ ಮಾಡಲಿಲ್ಲ ಅನ್ನುವ ಕಾವಲುಗಾರ. ಅಷ್ಟು ಕೇಳಿದ ಮೇಲೂ ಅವರು ಒಳಗೆ ನುಗ್ಗಿದರೆ ಡೈಸ್ ಬಚ್ಚಿಡದೆ ಎಲ್ಲರೆದುರೇ ಉರುಳಿಸಿ.