ಆರಿಸಿದರೂ ಮತ್ತೆ ಹತ್ತುವ ಇಂಜಿನ್ ದೀಪ: ಹಳೆಯ ಪೆಟ್ರೋಲ್ ಕಾರಿನಲ್ಲಿ ಮೂಲ ಹುಡುಕುವ ಬಗೆ

ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ದೀಪ ಆರಿಸಿಕೊಡುತ್ತಾರೆ, ನಾಲ್ಕು ದಿನ ಓಡಿಸುವಷ್ಟರಲ್ಲಿ ಮತ್ತೆ ಹತ್ತುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೊಸದು ಹಾಕುತ್ತಾರೆ, ಆಮೇಲೂ ಹತ್ತುತ್ತದೆ. ಹತ್ತು ಹನ್ನೆರಡು ವರ್ಷದ ಕಾರುಗಳ ಮಾಮೂಲು ಪಾಡು ಇದು. ಸ್ಕ್ಯಾನರ್ ತೋರಿಸುವ ತಪ್ಪಿನ ಕೋಡ್‌ನಲ್ಲಿ ಯಾವ ಭಾಗದ ಹೆಸರು ಬಂತೋ ಅದೇ ಕೆಟ್ಟಿದೆ ಎಂದುಕೊಳ್ಳುವುದರಿಂದಲೇ ಹೆಚ್ಚಿನ ದುಡ್ಡು ಪೋಲಾಗುತ್ತದೆ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ತನ್ನ ಯಾವ ಲೆಕ್ಕ ತಾಳೆಯಾಗಲಿಲ್ಲ ಎಂದಷ್ಟೇ ಕೋಡ್‌ನಲ್ಲಿ ಬರೆಯುತ್ತದೆ. ಏಕೆ ತಾಳೆಯಾಗಲಿಲ್ಲ ಎಂದು ಅಳೆದು ನೋಡುವ ಕೆಲಸ ನಮ್ಮದು.

ಇಲ್ಲಿರುವ ಕ್ರಮ ಬಿಎಸ್4 (ಹಿಂದಿನ ಹೊಗೆ ನಿಯಮ) ಕಾಲದ ಪೆಟ್ರೋಲ್ ಕಾರುಗಳಿಗೆ. 2013ರ ಏಪ್ರಿಲ್‌ನಿಂದ ಈ ಕಾರುಗಳಿಗೆ ಒಬಿಡಿ-2, ಅಂದರೆ ಕಾರು ತನ್ನ ತಪ್ಪನ್ನು ತಾನೇ ಪತ್ತೆಹಚ್ಚಿ ಕೋಡ್ ಬರೆದಿಡುವ ವ್ಯವಸ್ಥೆ, ಕಡ್ಡಾಯವಾಯಿತು. ಅದಕ್ಕೂ ಹಿಂದಿನ ಹಲವು ಕಾರುಗಳಲ್ಲಿ ಸ್ಟಿಯರಿಂಗ್ ಕೆಳಗೆ ಅದೇ 16 ಪಿನ್ನಿನ ಸಾಕೆಟ್ ಇದ್ದರೂ ಅದಕ್ಕೆ ಚುಚ್ಚಿ ಕೋಡ್ ಓದುವ ಅಗ್ಗದ ಡಾಂಗಲ್‌ಗಳು ಎಲ್ಲದರ ಜೊತೆ ಮಾತಾಡುವುದಿಲ್ಲ.

ದೀಪ ಮಿಣುಕುತ್ತಿದ್ದರೆ ಕಾರು ಓಡಿಸುವುದನ್ನು ಮೊದಲು ನಿಲ್ಲಿಸಿ. ಯಾವುದೋ ಸಿಲಿಂಡರ್ ಉರಿಯುತ್ತಿಲ್ಲ, ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಒಳಗಿನ ಸೆರಾಮಿಕ್ ಜೇನುಗೂಡು ಕರಗಿದರೆ ಪ್ಲಗ್ ಬದಲಿಸಿ ಮುಗಿಯುತ್ತಿದ್ದ ಕೆಲಸ ಹತ್ತಾರು ಸಾವಿರಕ್ಕೆ ಏರುತ್ತದೆ.

ಆರಿಸುವ ಮುಂಚೆ ಬರೆದಿಡಿ

ಬೇಕಾದದ್ದು ಒಂದು ಇಎಲ್‌ಎಂ327 ಬ್ಲೂಟೂತ್ ಡಾಂಗಲ್, ಫೋನಿನಲ್ಲಿ ಒಂದು ಒಬಿಡಿ ಆ್ಯಪ್, ಡಿಜಿಟಲ್ ಮಲ್ಟಿಮೀಟರ್, ಟಾರ್ಚ್. ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಓದಿ: ತಪ್ಪು ದಾಖಲಾದ ಕ್ಷಣದ ಆರ್‌ಪಿಎಂ, ವೇಗ, ಲೋಡ್, ಕೂಲಂಟ್ ಬಿಸಿ, ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಎಲ್ಲ ಅದರಲ್ಲಿರುತ್ತದೆ. ಬೆಳಿಗ್ಗೆ ತಣ್ಣಗಿನ ಇಂಜಿನ್‌ನಲ್ಲಿ ಬಂದ ತಪ್ಪೋ, ಘಾಟಿ ಹತ್ತುವಾಗ ಬಂದದ್ದೋ ಎಂದು ಅಲ್ಲೇ ಗೊತ್ತಾಗುತ್ತದೆ. ದೀಪ ಆರಿಸಿದರೆ ಇದು ಪೂರ್ತಿ ಅಳಿದುಹೋಗುತ್ತದೆ. ಬ್ಯಾಟರಿ ತಂತಿ ಕಳಚಿದರೂ ಬಹಳ ಕಾರುಗಳಲ್ಲಿ ಅದೇ ಗತಿ.

ಕೆಲವು ದಿನ ಬಿಟ್ಟು ಮತ್ತೆ ಹತ್ತುವುದಕ್ಕೂ ಕಾರಣವಿದೆ. ಬಹುಪಾಲು ತಪ್ಪುಗಳು ಎರಡು ಓಡಾಟಗಳಲ್ಲಿ ಸತತವಾಗಿ ಕಂಡರೆ ಮಾತ್ರ ದೀಪ ಹತ್ತುತ್ತದೆ. ಮೊದಲ ಸಲ ಕಂಡದ್ದು ಪೆಂಡಿಂಗ್ ಕೋಡ್ ಆಗಿ ಕೂತಿರುತ್ತದೆ. ಜೊತೆಗೆ ಇಸಿಯು ತಿಂಗಳುಗಟ್ಟಲೆ ಕಲಿತ ಪೆಟ್ರೋಲ್ ತಿದ್ದುಪಡಿಯೂ ಆರಿಸುವಾಗ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಅದು ಮತ್ತೆ ಮಿತಿ ಮುಟ್ಟುವವರೆಗೆ ಕಾರು ಸರಿಹೋದಂತೆಯೇ ಕಾಣುತ್ತದೆ.

ಮೊದಲು ಕರೆಂಟು, ಅರ್ತಿಂಗ್, ಕನೆಕ್ಟರ್

ಇಂಜಿನ್ ನಿಂತಾಗ ಬ್ಯಾಟರಿ 12.4ರಿಂದ 12.7 ವೋಲ್ಟ್, ಓಡುವಾಗ 13.8ರಿಂದ 14.5 ತೋರಬೇಕು. ನಂತರ ಮೀಟರಿನ ಕೆಂಪು ಕಡ್ಡಿಯನ್ನು ಇಂಜಿನ್ ಬ್ಲಾಕಿಗೂ ಕಪ್ಪನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಲು ಹೇಳಿ. 0.2 ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಬೋಲ್ಟ್ ಸಡಿಲ. ಇದೊಂದೇ ಕಾರಣಕ್ಕೆ ಸಂಬಂಧವಿಲ್ಲದ ಮೂರು ನಾಲ್ಕು ಸೆನ್ಸರ್‌ಗಳ ಕೋಡ್ ಒಟ್ಟಿಗೆ ಬರುವುದುಂಟು.

ಕೋಡ್ ಬಂದ ಸೆನ್ಸರಿನ ಕನೆಕ್ಟರ್ ಕಳಚಿ ಟಾರ್ಚ್ ಬೆಳಕಿನಲ್ಲಿ ಪಿನ್‌ಗಳನ್ನು ನೋಡಿ. ಹೊಳೆಯುವ ತಾಮ್ರದ ಬದಲು ಬುಡದಲ್ಲಿ ಹಸಿರು ಪುಡಿ ಕಂಡರೆ ಅದು ಕಿಲುಬು. ಕರಾವಳಿಯ ಉಪ್ಪುಗಾಳಿಯೂ ಮಲೆನಾಡಿನ ಮಳೆಯೂ ಇದನ್ನು ಬೇಗ ತರುತ್ತವೆ. ಇಂಜಿನ್ ಕೋಣೆಗೆ ಪ್ರೆಶರ್ ನೀರು ಹೊಡೆಸುವ ಅಭ್ಯಾಸ ಇನ್ನೂ ಬೇಗ. ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದು ಒಣಗಿಸಿ. ಉಪ್ಪುಕಾಗದ ಹಾಕಿ ತಿಕ್ಕಿದರೆ ಪಿನ್ನಿನ ಲೇಪನ ಕಿತ್ತು ಕಿಲುಬು ಇನ್ನೂ ಜೋರಾಗುತ್ತದೆ. ವಾರಗಟ್ಟಲೆ ನಿಂತ ಕಾರಾದರೆ ಇಲಿ ಕಡಿದ ವೈರ್ ಇದೆಯೇ ಎಂದು ಹಾರ್ನೆಸ್ ಉದ್ದಕ್ಕೂ ಕೈಯಾಡಿಸಿ.

ಪಿ0171: ಮಿಶ್ರಣ ತೆಳು

ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ ಎನ್ನುವ ಈ ಕೋಡ್ ಹಳೆಯ ಕಾರನ್ನು ಅತಿ ಹೆಚ್ಚು ಕಾಡುವವುಗಳಲ್ಲಿ ಒಂದು. ಆಕ್ಸಿಜನ್ ಸೆನ್ಸರ್ ಸುಮ್ಮಸುಮ್ಮನೆ ಬಲಿಯಾಗುವುದೂ ಇಲ್ಲೇ. ಇಂಜಿನ್ ಬಿಸಿಯಾದ ಮೇಲೆ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿ, ನೋಡಿ. ಸೊನ್ನೆಯ ಆಚೀಚೆ 10% ಒಳಗಿದ್ದರೆ ಚಿಂತೆಯಿಲ್ಲ. ಪ್ಲಸ್ 20 ದಾಟಿದರೆ ಇಸಿಯು ಪೆಟ್ರೋಲ್ ಸುರಿದೂ ಸುರಿದೂ ಸೋತಿದೆ. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಹೆಚ್ಚಿದ್ದು 2500 ಆರ್‌ಪಿಎಂನಲ್ಲಿ ಇಳಿದರೆ ಎಲ್ಲೋ ಕಳ್ಳಗಾಳಿ ಒಳಬರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು ಏರಿನಲ್ಲಿ, ಓವರ್‌ಟೇಕ್‌ನಲ್ಲಿ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ: ಪಂಪ್, ಫಿಲ್ಟರ್, ಇಂಜೆಕ್ಟರ್ ಕಡೆ ನೋಡಿ.

ನಮ್ಮ ಸಣ್ಣ ಕಾರುಗಳಲ್ಲಿ ಬಹುಪಾಲಿನವು ಗಾಳಿಯನ್ನು ಮ್ಯಾಪ್ ಸೆನ್ಸರ್‌ನಿಂದ, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡ್‌ನ ಒತ್ತಡ ಅಳೆದು, ಅಂದಾಜು ಮಾಡುತ್ತವೆ. ಕಳ್ಳಗಾಳಿ ಬಂದರೆ ಮ್ಯಾನಿಫೋಲ್ಡ್ ಒತ್ತಡವೂ ಏರುವುದರಿಂದ ಈ ಕಾರುಗಳಲ್ಲಿ ಟ್ರಿಮ್ ಅಷ್ಟಾಗಿ ಏರದೆ ಐಡಲ್ ಮಾತ್ರ ಮೇಲೇರಬಹುದು. ಆಗ ಐಡಲ್ ಆರ್‌ಪಿಎಂ ಮತ್ತು ಮ್ಯಾಪ್ ಅಂಕಿ ಎರಡನ್ನೂ ನೋಡಿ. ಸೆನ್ಸರನ್ನೇ ಪರೀಕ್ಷಿಸಲು ಇಂಜಿನ್ ಚಾಲೂ ಮಾಡದೆ ಕೀಲಿ ಆನ್ ಮಾಡಿ: ಬೆಂಗಳೂರಿನ ಎತ್ತರದಲ್ಲಿ ಸುಮಾರು 91 ಕಿಲೋಪ್ಯಾಸ್ಕಲ್, ಮಂಗಳೂರಿನಲ್ಲಿ 100ರ ಆಸುಪಾಸು ಬರಬೇಕು. ಬೆಂಗಳೂರಿನಲ್ಲಿ 80 ತೋರಿಸಿದರೆ ಸೆನ್ಸರ್ ಮೇಲೆ ಅನುಮಾನ ಪಡಲು ನಿಜವಾದ ಆಧಾರ ಸಿಕ್ಕಿತು.

ಸೋರಿಕೆ ಹುಡುಕಲು ಉರಿಯುವ ಸ್ಪ್ರೇ ಹೊಡೆಯುವ ರೂಢಿ ಇದೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿಗೆ ದಾರಿ, ಬೇಡ. ಬ್ರೇಕ್ ಬೂಸ್ಟರ್, ಪಿಸಿವಿ (ಇಂಜಿನ್ನಿನ ಒಳಹೊಗೆಯನ್ನು ಮ್ಯಾನಿಫೋಲ್ಡ್‌ಗೆ ಎಳೆಯುವ ವಾಲ್ವ್), ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿ ಒಳಬಿಡುವುದು) ಹೋಸ್‌ಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಇಕ್ಕಳದಿಂದ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ಐಡಲ್ ಥಟ್ಟನೆ ಬದಲಾಗುತ್ತದೋ ಅಲ್ಲಿ ನಿಂತು ನೋಡಿ. ಪಿಸಿವಿ ಹೋಸ್ ಎಣ್ಣೆ ಹೀರಿ ಮೆತ್ತಗಾಗಿ, ಬಾಗುವ ಕಡೆ ಕೆಳಮೈಯಲ್ಲಿ ಸೀಳಿರುತ್ತದೆ. ಮೇಲಿನಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಬಾಗು ಬಿಚ್ಚಿ ಹಿಂದುಮುಂದು ಮಾಡಿದಾಗ ಸೀಳು ಬಾಯಿ ತೆರೆಯುತ್ತದೆ. ಕನ್ವರ್ಟರ್‌ಗೆ ಮುಂಚಿನ ಆಕ್ಸಿಜನ್ ಸೆನ್ಸರಿಗೂ (ಮುಂದಿನ ಸೆನ್ಸರ್) ಮೊದಲು ಎಕ್ಸಾಸ್ಟ್ ಸೋರುತ್ತಿದ್ದರೂ ಹೊರಗಾಳಿ ಒಳಬಂದು ಸುಳ್ಳು ತೆಳುವನ್ನು ತೋರಿಸುತ್ತದೆ. ಜಾಯಿಂಟ್ ಹತ್ತಿರ ಕಪ್ಪು ಮಸಿ ಹುಡುಕಿ.

ಈ ಆಕ್ಸಿಜನ್ ಸೆನ್ಸರ್ ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು 2500 ಆರ್‌ಪಿಎಂನಲ್ಲಿ ಅದರ ವೋಲ್ಟೇಜ್ ನೋಡಿ. 0.1 ಮತ್ತು 0.9ರ ನಡುವೆ ಚುರುಕಾಗಿ ಏರಿಳಿಯುತ್ತಿದ್ದರೆ ಅದು ಬದುಕಿದೆ, ಬದಲಿಸಬೇಡಿ. ಸೆನ್ಸರನ್ನು ಬಿಸಿಮಾಡುವ ಹೀಟರಿನ ಕೋಡ್ ಪಿ0135 ಬಂದರೆ ಹೊಸ ಸೆನ್ಸರ್ ಕೊಳ್ಳುವ ಮುಂಚೆ ಹೀಟರ್ ಫ್ಯೂಸ್ ನೋಡಿ.

ಇಂಧನವೂ ಲೆಕ್ಕಕ್ಕೆ ಬರುತ್ತದೆ. 10% ಎಥನಾಲ್ ಬೆರೆತ ಇ10 ಪೆಟ್ರೋಲ್ ಒಂದು ಕೆಜಿ ಉರಿಯಲು ಬೇಕಾದ ಗಾಳಿ ಸುಮಾರು 14.1 ಕೆಜಿ, 20% ಬೆರೆತ ಇ20ಗೆ 13.5, ಅಂದರೆ ಟ್ರಿಮ್ 4% ಮೇಲೇರಬೇಕು. ಮೊದಲೇ ಪ್ಲಸ್ 18ರಲ್ಲಿ ತೆವಳುತ್ತಿದ್ದ ಕಾರು ಇದರಿಂದ ಗಡಿ ದಾಟುತ್ತದೆ. ಎಥನಾಲನ್ನು ದೂರಿ ಕೂರುವ ಬದಲು ಆ 18 ಎಲ್ಲಿಂದ ಬಂತು ಎಂದು ಹುಡುಕಿ. ಎಲ್‌ಪಿಜಿ, ಸಿಎನ್‌ಜಿ ಕಿಟ್ ಇದ್ದರೆ ಒಂದು ವಾರ ಬರೀ ಪೆಟ್ರೋಲ್‌ನಲ್ಲಿ ಓಡಿಸಿ. ಆಗ ದೀಪ ಹತ್ತದಿದ್ದರೆ ಕಿಟ್ಟಿನ ಟ್ಯೂನಿಂಗ್ ಸರಿಯಿಲ್ಲ.

ಉಳಿದ ಕೋಡ್‌ಗಳು

ಪಿ0301ರಿಂದ ಪಿ0304 ಮಿಸ್‌ಫೈರ್, ಅಂದರೆ ಸಿಲಿಂಡರ್ ಸರಿಯಾಗಿ ಉರಿಯದಿರುವ ಕೋಡ್‌ಗಳು, ಕೊನೆಯ ಅಂಕಿ ಸಿಲಿಂಡರ್ ಸಂಖ್ಯೆ. ಪಿ0301 ಬಂದು, ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡುವುದು) ಇದ್ದರೆ 1ನೆಯದನ್ನು 2ಕ್ಕೆ, 2ನೆಯದನ್ನು 1ಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಪಿ0302 ಬಂದರೆ ಕಾಯಿಲ್ ಸಿಕ್ಕಿಬಿತ್ತು. 0301ರಲ್ಲೇ ನಿಂತರೆ ಇದೇ ರೀತಿ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ ಪರೀಕ್ಷೆ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ, ಇಲ್ಲದಿದ್ದರೆ ಪರೀಕ್ಷೆಯೇ ಕೆಟ್ಟಂತೆ.

ಕನ್ವರ್ಟರ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಬಂದ ಕೂಡಲೇ ಅದನ್ನು ಬದಲಿಸಬೇಡಿ. ಕನ್ವರ್ಟರ್ ಆದಮೇಲಿರುವ ಹಿಂದಿನ ಆಕ್ಸಿಜನ್ ಸೆನ್ಸರ್ 0.6 ವೋಲ್ಟ್ ಆಸುಪಾಸು ನೆಟ್ಟಗೆ ನಿಂತಿರಬೇಕು. ಮುಂದಿನದರ ತರಹವೇ ಕುಣಿಯುತ್ತಿದ್ದು, ಎಕ್ಸಾಸ್ಟ್ ಎಲ್ಲೂ ಸೋರದಿದ್ದರೆ ಕನ್ವರ್ಟರ್ ಮುಗಿದಿದೆ. ಅದನ್ನು ಕೊಂದದ್ದು ಮಿಸ್‌ಫೈರೋ, ಇಂಜಿನ್ ಕುಡಿಯುವ ಆಯಿಲೋ ಎಂದು ತಿಳಿದು ಸರಿಪಡಿಸದೆ ಹೊಸದು ಹಾಕಿದರೆ ಅದೂ ಸಾಯುತ್ತದೆ.

ಇಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಬಂದರೆ, ಇಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ಇದೆಯೇ ಎಂದೇ ನೋಡಬೇಕು. ಇಂಜಿನ್ ಅತಿಯಾಗಿ ಬಿಸಿಯಾಗದಿರಲಿ ಎಂದು ಅದನ್ನು ಕಿತ್ತುಹಾಕುವ ಕೆಟ್ಟ ರೂಢಿ ನಮ್ಮಲ್ಲಿದೆ. ಹೈವೇಯಲ್ಲಿ ಕೂಲಂಟ್ 65 ಡಿಗ್ರಿಗೆ ಇಳಿಯುತ್ತಿದ್ದರೆ ಅದು ತೆರೆದೇ ಕಚ್ಚಿಕೊಂಡಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ತಣ್ಣಗಿನ ಇಂಜಿನ್‌ಗೆ ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜೂ ಹೋಗುತ್ತದೆ.

ರಿಪೇರಿ ಆದಮೇಲೆ ಕೋಡ್ ಅಳಿಸಿ. ರಾತ್ರಿಯಿಡೀ ತಣ್ಣಗಾದ ಇಂಜಿನ್ ಚಾಲೂ ಮಾಡಿ, ಐದು ನಿಮಿಷ ಐಡಲ್, ಹದಿನೈದು ನಿಮಿಷ ಊರೊಳಗೆ, ಇಪ್ಪತ್ತು ನಿಮಿಷ 60ರಿಂದ 80ರ ಒಂದೇ ವೇಗದಲ್ಲಿ ಓಡಿಸಿ. ಹೀಗೆ ಮೂರು ದಿನ ಮಾಡಿ ಪ್ರತಿ ಸಂಜೆ ಪೆಂಡಿಂಗ್ ಪಟ್ಟಿ, ಟ್ರಿಮ್ ಅಂಕಿ ಬರೆದುಕೊಳ್ಳಿ. ಆ್ಯಪ್‌ನಲ್ಲಿ ಮಾನಿಟರ್‌ಗಳೆಲ್ಲ (ಇಸಿಯು ತಾನೇ ಮಾಡುವ ಪರೀಕ್ಷೆಗಳು) ರೆಡಿ, ಅಂದರೆ ಮುಗಿದಿವೆಯೇ ಎಂದೂ ನೋಡಿ. ಪಟ್ಟಿ ಖಾಲಿಯಿದ್ದು ಟ್ರಿಮ್ 10ರೊಳಗೆ ನಿಂತರೆ ಡಾಂಗಲ್ ಕಳಚಿಡಿ, ನಿಂತ ಕಾರಿನಲ್ಲೂ ಅದು ಬ್ಯಾಟರಿ ಹೀರುತ್ತಿರುತ್ತದೆ.