ಟೆಂಡರಿಗೂ ಮೊದಲೇ ತೆರೆದ ಹಿಂಡ್ರೆನ್ಸ್ ರಿಜಿಸ್ಟರ್

ರಸ್ತೆ ಕಾಮಗಾರಿಗಳ ಕಚೇರಿಯಲ್ಲಿ ಹಿಂಡ್ರೆನ್ಸ್ ರಿಜಿಸ್ಟರ್ ಎಂಬ ಪುಸ್ತಕವೊಂದು ಇರುತ್ತದೆ. ಜಮೀನು ಸಿಗಲಿಲ್ಲ, ವಿದ್ಯುತ್ ಕಂಬ ಸ್ಥಳಾಂತರವಾಗಲಿಲ್ಲ, ಮರ ಕಡಿಯಲು ಅನುಮತಿ ಬರಲಿಲ್ಲ ಎಂದು ದಿನಾಂಕ ಸಮೇತ ಬರೆದಿಡಬೇಕಾದ ಈ ಪುಸ್ತಕವನ್ನು ವಾಡಿಕೆಯಂತೆ ತುಂಬುವುದು ಕಾಮಗಾರಿಯ ಅವಧಿ ಮುಗಿಯುತ್ತ ಬಂದಾಗ, ಅಂದರೆ ಗುತ್ತಿಗೆದಾರರಿಗೆ ಕಾಲಾವಧಿ ವಿಸ್ತರಿಸಲು ಕಡತದಲ್ಲಿ ಆಧಾರ ಬೇಕಾದಾಗ. ವಿಜಯಪುರ, ಬಾಗಲಕೋಟೆ ಭಾಗದ ಹಲವು ರಾಜ್ಯ ಹೆದ್ದಾರಿಗಳ ಅಗಲೀಕರಣವನ್ನು ಕಾರ್ಯಪಾಲಕ ಅಭಿಯಂತರನಾಗಿ ಏಕಕಾಲದಲ್ಲಿ ನಿರ್ವಹಿಸಬೇಕಾಗಿ ಬಂದಾಗ ನಾನು ಮೊದಲು ಬದಲಾಯಿಸಿದ್ದು ಈ ವಾಡಿಕೆಯನ್ನು. ಅಂದಾಜು ಪಟ್ಟಿ ತಯಾರಾಗುವ ಹಂತದಲ್ಲಿಯೇ ರಿಜಿಸ್ಟರ್ ತೆರೆಯಬೇಕು, ಅದರಲ್ಲಿ ದಾಖಲಾದ ಅಡಚಣೆಗಳಲ್ಲಿ ಬಹುಪಾಲು ತೀರುವವರೆಗೆ ಆ ಭಾಗವನ್ನು ಟೆಂಡರಿಗೆ ಸೇರಿಸಬಾರದು ಎಂದು ನಿಶ್ಚಯಿಸಿಕೊಂಡೆವು. ರಾಷ್ಟ್ರೀಯ ಹೆದ್ದಾರಿಗಳ ಇಪಿಸಿ ಗುತ್ತಿಗೆಯಲ್ಲಿ (ವಿನ್ಯಾಸ, ಸಾಮಗ್ರಿ, ನಿರ್ಮಾಣ ಮೂರನ್ನೂ ಒಬ್ಬರೇ ಗುತ್ತಿಗೆದಾರರಿಗೆ ವಹಿಸುವ ಪದ್ಧತಿ) ಬೇಕಾದ ಜಾಗದ ಶೇ. 90ರಷ್ಟನ್ನು ಮೊದಲೇ ಹಸ್ತಾಂತರಿಸಬೇಕೆಂಬ ಷರತ್ತಿರುವುದು ಇದೇ ಕಾರಣಕ್ಕೆ. ರಾಜ್ಯ ಹೆದ್ದಾರಿಗಳ ಸಣ್ಣ ಪ್ಯಾಕೇಜುಗಳಲ್ಲಿ ಅಂಥ ಶಿಸ್ತನ್ನು ನಾವೇ ಹಾಕಿಕೊಳ್ಳಬೇಕಾಗುತ್ತದೆ.

ಜಾಗದ ತೊಡಕು ಸಾಮಾನ್ಯವಾಗಿ ಎಲ್ಲರೂ ಭಾವಿಸುವ ಕಡೆ ಇರುವುದಿಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಭೂಸ್ವಾಧೀನ ಕಾಯ್ದೆಯ ಪ್ರಕಾರ ಪರಿಹಾರದ ಮೊತ್ತ ಗಣನೀಯವಾಗಿ ಹೆಚ್ಚಿದ್ದು, ಹೊಸದಾಗಿ ಜಮೀನು ಪಡೆಯುವಲ್ಲಿ ರೈತರ ವಿರೋಧ ನಾನು ಕಂಡಂತೆ ಅಷ್ಟೇನೂ ತೀವ್ರವಾಗಿರಲಿಲ್ಲ. ನಿಜವಾದ ಜಗಳ ಇರುವುದು ಹಳೆಯ ರಸ್ತೆಯ ಕೆಳಗಿನ ನೆಲದ ಬಗ್ಗೆ. ತಲೆಮಾರುಗಳಿಂದ ಬಸ್ಸು ಓಡಾಡುತ್ತಿರುವ ರಸ್ತೆಯ ಜಾಗ ಪಹಣಿಯಲ್ಲಿ ಇಂದಿಗೂ ರೈತರ ಹೆಸರಿನಲ್ಲಿಯೇ ಇರುತ್ತದೆ. ಒಂದು ಕಾಲದಲ್ಲಿ ಗಾಡಿದಾರಿಯಾಗಿದ್ದದ್ದು ಡಾಂಬರು ಕಂಡಿತೇ ಹೊರತು ಯಾರೂ ಅದನ್ನು ಪೋಡಿ ಮಾಡಿಸಿ (ಅಳೆದು ಬೇರ್ಪಡಿಸಿ) ಖರಾಬಿಗೆ, ಅಂದರೆ ಸಾಗುವಳಿಗಿಲ್ಲದ ಜಮೀನಿನ ಲೆಕ್ಕಕ್ಕೆ ಸೇರಿಸಿರುವುದಿಲ್ಲ. ಆದ್ದರಿಂದ ಭೂಮಾಪಕರು, ಗ್ರಾಮ ಲೆಕ್ಕಾಧಿಕಾರಿ ಮತ್ತು ನಮ್ಮ ಸಹಾಯಕ ಅಭಿಯಂತರರು ಜೊತೆಯಾಗಿ ಗ್ರಾಮ ನಕಾಶೆ ಹಿಡಿದು, ಪ್ರತಿ ಸರ್ವೆ ನಂಬರಿನಲ್ಲಿ ಹದ್ದು ಗುರುತಿಸಿ, ಸ್ಥಳದಲ್ಲಿಯೇ ಮಹಜರು ಬರೆದು ರೈತರ ಸಹಿ ಪಡೆಯುವ ಕೆಲಸವನ್ನು ಟೆಂಡರಿಗೆ ಮೊದಲೇ ಮುಗಿಸಿದೆವು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಾಗಲಿಲ್ಲ, ತಹಶೀಲ್ದಾರರ ಸಹಕಾರ ಬೇಕಾಯಿತು.

ಜಮೀನಿನ ವಶಕ್ಕೂ ಒಂದು ಋತುವಿದೆ. ಎರೆ ಭೂಮಿಯ ಹಿಂಗಾರಿ ಜೋಳ ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. “ಸಾಹೇಬ್ರ, ಜ್ವಾಳದ ರಾಶಿ ಆಗಲ್ರಿ, ಆಮ್ಯಾಲ ನೀವು ಎಷ್ಟರ ಅಗೀರಿ” ಎಂದು ಹೇಳಿದ ರೈತರು ಆಡಿದ ಮಾತಿಗೆ ತಪ್ಪಲಿಲ್ಲ. ನಿಂತ ಬೆಳೆಯ ಮೇಲೆ ಜೆಸಿಬಿ ಇಳಿಸಿದ ಕಡೆಗಳಲ್ಲಿ ಮಾತ್ರ ತಡೆಯಾಜ್ಞೆಗಳು ಬಂದವು.

ಎರಡನೆಯ ಬದಲಾವಣೆ ಪ್ರಗತಿಯನ್ನು ಅಳೆಯುವ ಬಗೆಗೆ ಸಂಬಂಧಿಸಿದ್ದು. ತಿಂಗಳ ಪರಿಶೀಲನಾ ಸಭೆಗೆ ಹೋಗುವ ವರದಿಯಲ್ಲಿ ಶೇ. 60 ಪ್ರಗತಿ ಎಂದಿದ್ದರೆ ಅದು ಖರ್ಚಾದ ಹಣದ ಲೆಕ್ಕವಾಗಿರುತ್ತದೆಯೇ ವಿನಾ ಜನ ನಿರಾತಂಕವಾಗಿ ಓಡಾಡಬಲ್ಲ ರಸ್ತೆಯ ಲೆಕ್ಕವಾಗಿರುವುದಿಲ್ಲ. ಅಷ್ಟು ಹಣ ಖರ್ಚಾಗಿಯೂ ಸತತವಾಗಿ ಐದು ಕಿಲೋಮೀಟರ್ ಪೂರ್ಣಗೊಳ್ಳದ ರಸ್ತೆಗಳನ್ನು ನಾನು ನೋಡಿದ್ದೇನೆ. ನಾವು ಪ್ರತಿ ರಸ್ತೆಗೂ ಗೋಡೆಯ ಉದ್ದಕ್ಕೆ ಒಂದು ಸ್ಟ್ರಿಪ್ ಚಾರ್ಟ್ ಅಂಟಿಸಿದೆವು. ಅಡ್ಡಕ್ಕೆ ನೂರು ಮೀಟರಿನ ಚೌಕಗಳು. ಕೆಳಗಿನಿಂದ ಮೇಲಕ್ಕೆ ಜಾಗ, ಕಂಬ, ಮರ, ನೀರಿನ ಪೈಪು, ಅಡ್ಡಮೋರಿ, ಮಣ್ಣು, ಜಿಎಸ್‌ಬಿ (ನೀರು ಬಸಿಯುವ ಜಲ್ಲಿ ಪದರ), ವೆಟ್ ಮಿಕ್ಸ್ (ನೀರು ಬೆರೆಸಿ ಹಾಸುವ ಜಲ್ಲಿ), ಡಿಬಿಎಂ (ಡಾಂಬರಿನ ಕೆಳಪದರ), ಬಿಸಿ (ಬಿಟುಮಿನಸ್ ಕಾಂಕ್ರೀಟ್, ಡಾಂಬರಿನ ಮೇಲ್ಪದರ) ಎಂಬ ಸಾಲುಗಳು. ಕೆಳಗಿನ ಸಾಲುಗಳಲ್ಲಿ ಒಂದು ಚೌಕ ಕೆಂಪಾಗಿದ್ದರೂ, ಅಂದರೆ ಬಾಕಿ ಉಳಿದಿದ್ದರೂ, ಅದರ ಮೇಲಿನ ಚೌಕಗಳಿಗೆ ಬಣ್ಣ ತುಂಬುವಂತಿಲ್ಲ. ನಂತರ ಇದನ್ನೇ ಮೊಬೈಲಿನಲ್ಲಿ ಸ್ಥಳಸೂಚಕ ಛಾಯಾಚಿತ್ರಗಳ ಸಮೇತ ತುಂಬುವ ವ್ಯವಸ್ಥೆ ಬಂತು, ಅದು ಒಳ್ಳೆಯದೇ. ಆದರೆ ಸಭೆಯಲ್ಲಿ ಎಲ್ಲರ ಕಣ್ಣು ಗೋಡೆಯ ಮೇಲಿನ ಕೆಂಪು ಚೌಕದ ಕಡೆಗೇ ಹೋಗುತ್ತಿತ್ತು.

ಆ ಕೆಂಪು ಚೌಕಗಳಲ್ಲಿ ಹೆಚ್ಚಿನವು ವಿದ್ಯುತ್ ಕಂಬಗಳದ್ದು. ಹೊಸ ಕಂಬ ನೆಡುವುದು ಸುಲಭ. ಹಳೆಯ ಲೈನಿನಿಂದ ಹೊಸ ಲೈನಿಗೆ ಬದಲಾಯಿಸಲು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನಿನ ಮೇಲೆ ಕೆಲಸ ಮಾಡಲು ಅನುಮತಿ) ಪಡೆದು ಸರಬರಾಜು ನಿಲ್ಲಿಸಬೇಕು, ಪಂಪ್‌ಸೆಟ್ಟಿನ ಫೀಡರ್ ಆಗಿದ್ದರೆ ಬೆಳೆಗೆ ನೀರು ಬೇಕಾದ ದಿನಗಳಲ್ಲಿ ಅದಕ್ಕೆ ಯಾರೂ ಒಪ್ಪುವುದಿಲ್ಲ. ಹೀಗಾಗಿ ಎಲ್‌ಸಿಯ ದಿನಗಳನ್ನು ಆ ಭಾಗದ ಸೆಕ್ಷನ್ ಆಫೀಸರರೊಂದಿಗೆ ಕುಳಿತು ಮೊದಲೇ ನಿಗದಿ ಮಾಡಿ, ಊರಿನಲ್ಲಿ ಡಂಗುರ ಸಾರಿಸಿದೆವು.

ಇನ್ನು ಎರೆ ಮಣ್ಣು. ಫ್ರೀ ಸ್ವೆಲ್ ಇಂಡೆಕ್ಸ್ (ನೀರು ಕುಡಿದಾಗ ಮಣ್ಣು ಉಬ್ಬುವ ಪ್ರಮಾಣ) ಶೇ. 50 ಮೀರಿದ ಮಣ್ಣನ್ನು ಏರಿಗೆ ಬಳಸುವಂತಿಲ್ಲ; ಏರಿಯ ಮೇಲ್ತುದಿಯ 500 ಮಿಲಿಮೀಟರ್ ಮಣ್ಣನ್ನು, ಅಂದರೆ ಸಬ್‌ಗ್ರೇಡನ್ನು, ಗರಿಷ್ಠ ಒಣ ಸಾಂದ್ರತೆಯ ಶೇ. 97ರಷ್ಟು ದಮ್ಮಸು ಮಾಡಬೇಕು. ಇದಕ್ಕೆ ಬೇಕಾದ ಗರಸು ಮಣ್ಣು ಮಡ್ಡಿ ಹೊಲಗಳಲ್ಲಿ ಸಿಗುತ್ತದೆ, ಎತ್ತರದ ದಿಬ್ಬವನ್ನು ಸಮತಟ್ಟು ಮಾಡಿಸಿಕೊಳ್ಳಬೇಕೆಂದಿರುವ ರೈತರು ತಾವಾಗಿಯೇ ಮುಂದೆ ಬರುತ್ತಾರೆ. ಗರಸು ದೂರವಿದ್ದ ಕಡೆ ಸ್ಥಳದ ಮಣ್ಣಿಗೇ ಸುಣ್ಣ ಬೆರೆಸಿ ಸ್ಥಿರೀಕರಿಸಿದೆವು. ಆದರೂ ಬೇಸಿಗೆಯಲ್ಲಿ ರಸ್ತೆಯ ಅಂಚಿನ ಎರೆ ಒಣಗಿ ಕುಗ್ಗಿದಾಗ ಡಾಂಬರಿನ ಮೇಲೆ ಉದ್ದುದ್ದ ಬಿರುಕು ಮೂಡುತ್ತದೆ, ಮಳೆಗಾಲದಲ್ಲಿ ಆ ಬಿರುಕಿನಿಂದಲೇ ನೀರು ಇಳಿಯುತ್ತದೆ. ಜಿಎಸ್‌ಬಿಯನ್ನು ಡಾಂಬರಿನ ಅಗಲಕ್ಕೆ ನಿಲ್ಲಿಸದೆ ಶೋಲ್ಡರಿನ (ಡಾಂಬರಿನ ಪಕ್ಕದ ಅಂಚುಪಟ್ಟಿಯ) ಕೆಳಗೂ ಏರಿಯ ಇಳಿಜಾರಿನವರೆಗೆ ಚಾಚಿದರೆ ಒಳಗಿನ ನೀರು ಹೊರಬರುತ್ತದೆ. ಹಣ ಉಳಿಸುವ ನೆಪದಲ್ಲಿ ಅಂದಾಜು ಪಟ್ಟಿಯಿಂದ ಮೊದಲು ಕತ್ತರಿಸುವುದು ಇದನ್ನೇ ಆದ್ದರಿಂದ, ನಾನು ಇದಕ್ಕಾಗಿ ಹಟ ಹಿಡಿದೆ. ಮನೆಗಳ ಬಚ್ಚಲು ನೀರು ರಸ್ತೆಗೇ ಹರಿಯುವ ಊರೊಳಗಿನ ಭಾಗಗಳಲ್ಲಿ ಡಾಂಬರು ಬಿಟ್ಟು ಕಾಂಕ್ರೀಟ್ ರಸ್ತೆ, ಎರಡೂ ಬದಿಗೆ ಚರಂಡಿ ಮಾಡಿದೆವು.

ವಿನ್ಯಾಸಕ್ಕೆ ಬೇಕಾದ ವಾಹನ ಗಣತಿಯನ್ನು ಯಾವ ತಿಂಗಳಲ್ಲಿ ಮಾಡುತ್ತೇವೆ ಎಂಬುದು ಮುಧೋಳ, ಜಮಖಂಡಿ ಕಡೆ ಎಲ್ಲಕ್ಕಿಂತ ಮುಖ್ಯ. ಜುಲೈನಲ್ಲಿ ಗಣತಿ ಮಾಡಿದರೆ ಕಬ್ಬಿನ ಟ್ರ್ಯಾಕ್ಟರೇ ಕಾಣುವುದಿಲ್ಲ. ಕಾರ್ಖಾನೆಗಳು ಕಬ್ಬು ನುರಿಸಲು ತೊಡಗಿದ ಮೇಲೆ ಡಬಲ್ ಟ್ರಾಲಿಗಳ ಸಾಲು ರಾತ್ರಿಯಿಡೀ ನಿಲ್ಲುವುದಿಲ್ಲ. ವಾಹನದ ಅಚ್ಚಿನ (ಆಕ್ಸಲ್) ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸರಿಸುಮಾರು ಹದಿನಾರು ಪಟ್ಟಾಗುತ್ತದೆ ಎಂಬ ನಾಲ್ಕನೆಯ ಘಾತದ ನಿಯಮವನ್ನು ನೆನೆದರೆ, ತಪ್ಪು ತಿಂಗಳ ಗಣತಿಯ ಮೇಲೆ ನಿಂತ ವಿನ್ಯಾಸ ಎಷ್ಟು ವರ್ಷ ಬಾಳೀತು ಎಂದು ಯಾರಾದರೂ ಊಹಿಸಬಹುದು. ಕಬ್ಬಿನ ಹಂಗಾಮಿನಲ್ಲಿ ಅಚ್ಚಿನ ಭಾರವನ್ನೂ ತೂಗಿಸಿ ಲೆಕ್ಕ ಮಾಡಿದಾಗ ಡಿಬಿಎಂ ಪದರದ ದಪ್ಪ ಹೆಚ್ಚಾಯಿತು, ಒಟ್ಟು ಮೊತ್ತಕ್ಕೆ ಹೊಂದಿಸಲು ಕಾರ್ಯಕ್ರಮದಿಂದ ಕೆಲವು ಕಿಲೋಮೀಟರುಗಳನ್ನು ಕೈಬಿಡಬೇಕಾಯಿತು. ಆ ಭಾಗದ ಜನಪ್ರತಿನಿಧಿಗಳಿಗೆ ಇದನ್ನು ಒಪ್ಪಿಸುವುದು ತಾಂತ್ರಿಕ ಮಂಜೂರಾತಿ ಪಡೆಯುವುದಕ್ಕಿಂತ ಕಷ್ಟದ ಕೆಲಸವಾಗಿತ್ತು.

ಗುಣಮಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಜಿ-30 ದರ್ಜೆಯ ಡಾಂಬರಿನ ಮಿಶ್ರಣ ಹಾಸುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, ರೋಲರ್ ಓಡಿಸುವುದು 90 ಡಿಗ್ರಿಗೆ ಇಳಿಯುವ ಮೊದಲೇ ಮುಗಿಯಬೇಕು. ಟಾರ್ಪಾಲು ಹೊದಿಸದೆ ಬಂದ ಟಿಪ್ಪರನ್ನು ಪೇವರಿನ ಹತ್ತಿರ ಬಿಡದೆ, ಹೊದಿಸಿ ಬಂದದ್ದಕ್ಕೂ ಮಿಶ್ರಣದ ಒಳಗೆ ಥರ್ಮಾಮೀಟರ್ ಚುಚ್ಚಿ ನೋಡಿ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲಿಯೇ ತೀರುತ್ತದೆ.

ಉಳಿದರ್ಧ ಹಣದ್ದು. ತೈಲ ಕಂಪನಿಗಳು ಡಾಂಬರಿನ ದರವನ್ನು ಹದಿನೈದು ದಿನಕ್ಕೊಮ್ಮೆ ಪರಿಷ್ಕರಿಸುತ್ತವೆ, ಬಿಲ್ಲು ಪಾವತಿಯಾಗಲು ತಿಂಗಳುಗಳು ಹಿಡಿದರೆ ಗುತ್ತಿಗೆದಾರರು ಯಂತ್ರಗಳನ್ನು ಬೇರೆ ಕಾಮಗಾರಿಗೆ ಸಾಗಿಸಿಬಿಡುತ್ತಾರೆ. ಅನುದಾನ ನಮ್ಮ ಕೈಯಲ್ಲಿರಲಿಲ್ಲ, ಆದರೆ ಅಳತೆ ನಮ್ಮ ಕೈಯಲ್ಲಿತ್ತು. ಅಳತೆ ಪುಸ್ತಕವನ್ನು ಪದರ ಮುಗಿದ ವಾರದಲ್ಲಿಯೇ ಬರೆದು ಚೆಕ್ ಮೆಷರ್‌ಮೆಂಟ್ (ಮೇಲಧಿಕಾರಿಯ ಮರುಅಳತೆ) ಮುಗಿಸುತ್ತಿದ್ದುದರಿಂದ, ಅನುದಾನ ಬಿಡುಗಡೆಯಾದ ದಿನ ನಮ್ಮ ಬಿಲ್ಲುಗಳು ಸಿದ್ಧವಾಗಿರುತ್ತಿದ್ದವು. ಬಂದ ಹಣ ಎಲ್ಲ ರಸ್ತೆಗಳಿಗೂ ಸಾಲದಿದ್ದಾಗ ಅದನ್ನು ಸಮನಾಗಿ ಹಂಚದೆ, ಚಾರ್ಟಿನಲ್ಲಿ ಕೆಂಪು ಚೌಕವೇ ಉಳಿಯದ ಭಾಗಗಳ ಬಿಲ್ಲುಗಳನ್ನು ಮೊದಲು ಪಾವತಿಗೆ ಕಳಿಸುತ್ತಿದ್ದೆವು. ಇದರಿಂದ ಕೆಲವು ಗುತ್ತಿಗೆದಾರರು ಮುನಿಸಿಕೊಂಡರು. ಆದರೆ ಮುಂದಿನ ಹಂಗಾಮಿನ ಹೊತ್ತಿಗೆ ಅವರೇ ಕಂಬ ಸ್ಥಳಾಂತರ ಎಲ್ಲಿಗೆ ಬಂತು ಎಂದು ವಿಚಾರಿಸಲು ಉಪವಿಭಾಗದ ಕಚೇರಿಗೆ ಬರತೊಡಗಿದರು.